ಮಗ್ಗ ನಿಂತ ದಿನದ ಹೆದರಿಕೆ

ಇಚಲಕರಂಜಿಯಲ್ಲಿ ಮಲಕವ್ವ ಬಾಳುತ್ತಿದ್ದ ಕೋಣೆಗೆ ಮೂರು ಗೋಡೆಗಳು ಮಾತ್ರ ಸ್ವಂತ. ನಾಲ್ಕನೆಯದು ಅಣ್ಣಾಸಾಹೇಬರ ಕಾರಖಾನೆಯದು. ಗೋಡೆಯ ಆ ಮಗ್ಗುಲಿಗೆ ಮಗ್ಗಗಳು, ಈ ಮಗ್ಗುಲಿಗೆ ಮಲಗುವವರು. ಕರೆಂಟಿನ ಮಗ್ಗಗಳು ಹಗಲೂ ರಾತ್ರಿ ಖಟಾಖಟ್ ಎಂದು ಬಡಿದುಕೊಳ್ಳುವ ಹೊಡೆತಕ್ಕೆ ಈಚೆ ಗೂಡಿನಲ್ಲಿಟ್ಟ ಹಿತ್ತಾಳೆಯ ಚರಿಗೆಗಳು ತಾವಾಗಿಯೇ ಅಂಚಿಗೆ ನಡೆದು ಬರುತ್ತಿದ್ದವು. ಸಂಜೆಗೊಮ್ಮೆ ಮಲಕವ್ವ ಅವನ್ನು ಹಿಂದಕ್ಕೆ ಸರಿಸಿಡುವಳು. ಕುರುಬರ ಮಗಳು, ಚದುರಿದ್ದನ್ನು ದೊಡ್ಡಿಗೆ ಕೂಡುವುದು ಅವಳಿಗೆ ಯಾರೂ ಕಲಿಸಬೇಕಾದ ಕೆಲಸವಲ್ಲ.

ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರ ಬಂದ ಮರುವರ್ಷದ ಮಾತು. ರಾಜ್ಯ ಬದಲಾದರೂ ನಳದ ಮುಂದಿನ ಜಗಳ ಬದಲಾಗಿರಲಿಲ್ಲ. ಮಲಕವ್ವನ ತವರು ಗಡಹಿಂಗ್ಲಜದ ಆಚೆ, ಗಡಿಯ ಮೇಲೆ ಒಂದು ಕಾಲಿಟ್ಟು ನಿಂತ ಹಳ್ಳಿ. ಗಂಡನ ಮನೆಯವರೂ ಕುರಿ ಕಾಯುವವರೇ, ಆದರೆ ಮಾವನ ಕಾಲಕ್ಕೇ ಉಣ್ಣೆ ಬಿಟ್ಟು ಹತ್ತಿಗೆ ಹತ್ತಿದವರು. ಮಾವ ತೀರಿಕೊಂಡಿದ್ದ. ಗಂಡ ಹಣಮಂತನಿಗೆ ಅಣ್ಣಾಸಾಹೇಬರ ಕಾರಖಾನೆಯಲ್ಲಿ ರಾತ್ರಿ ಪಾಳಿ, ಮೈದುನ ಯಮನಪ್ಪನಿಗೆ ಇನ್ನೊಂದು ಗಲ್ಲಿಯ ಕಾರಖಾನೆಯಲ್ಲಿ ಹಗಲು ಪಾಳಿ. ಇಬ್ಬರಿಗೂ ಇದ್ದದ್ದು ಒಂದೇ ಹಾಸಿಗೆ. ಪಾಳಿಯೆಂಬುದಿಲ್ಲದೆ ದಿನಪೂರ್ತಿ ದುಡಿಯುತ್ತಿದ್ದದ್ದು ಆ ಮನೆಯಲ್ಲಿ ಹಾಸಿಗೆಯೊಂದೇ.

ಹೀಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಕೋಣೆಯಲ್ಲಿ ಒಬ್ಬ ಗಂಡಸು ಮಲಗಿರುತ್ತಿದ್ದ. ಗೋಡೆ ಅಲುಗುವಂಥ ಸದ್ದಿಗೆ ಏಳದವನು ಹೆಂಗಸರ ಒಂದು ಪಿಸುಮಾತಿಗೆ ಎದ್ದು ಕೂಡುತ್ತಿದ್ದ. ಆ ಸದ್ದಿನಲ್ಲಿ ಮಾತು ಕೇಳಬೇಕಾದರೆ ಕೂಗಬೇಕು, ಕೂಗಿದರೆ ಮಲಗಿದವನು ಏಳುತ್ತಾನೆ. ಅದಕ್ಕೇ ಮಲಕವ್ವ ಮದುವೆಯಾಗಿ ಬಂದಾಗಿನಿಂದ ಹೆಚ್ಚು ಮಾತಾಡಿರಲಿಲ್ಲ. ಅವಳ ಪಾಲಿನ ಮಾತನ್ನೂ ಅತ್ತೆ ಗಂಗುಬಾಯಿ ಆಡುತ್ತಿದ್ದಳು. ಗಂಗುಬಾಯಿಗೆ ಎರಡು ಬಾಯಿ; ಒಂದು ಹೆಸರಿನಲ್ಲಿ, ಒಂದು ಮುಖದಲ್ಲಿ. ಸುಮ್ಮನಿರುತ್ತಿದ್ದದ್ದು ಹೆಸರಿನದು ಮಾತ್ರ.

ವಾರಕ್ಕೊಂದು ದಿನ ಸುಟ್ಟಿ, ಕೆಲಸಕ್ಕೆ ರಜೆ. ಬೆಳಿಗ್ಗೆ ರಾತ್ರಿ ಪಾಳಿ ಬಿಡುತ್ತಲೂ ಮಗ್ಗಗಳು ಒಂದರ ಹಿಂದೊಂದು ನಿಂತು, ಗಲ್ಲಿಗೆ ಗಲ್ಲಿಯೇ ಉಸಿರು ಹಿಡಿದಂತಾಗುವುದು. ಅಂಥ ಒಂದು ದಿನ ಮಲಕವ್ವ ಮಗಳು ಛಾಯಾಳನ್ನು ಹತ್ತಿರ ಕೂಡಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಅತ್ತೆ ಗುಡಿಗೆ ಹೋಗಿದ್ದಳು, ಗಂಡಸರು ಪೇಟೆಗೆ. ಒಲೆಯ ಮೇಲೆ ಎಸರು ಇತ್ತು. ಎಲ್ಲಿಂದಲೋ ಒಂದು ಸದ್ದು ಕೇಳಿಸಿತು, ಧಡ್, ಧಡ್, ಧಡ್. ಗೋಡೆಯಾಚೆಯದಿರಬೇಕೆಂದು ಕಿವಿಗೊಟ್ಟಳು. ಆಚೆ ಏನೂ ಇರಲಿಲ್ಲ. ಸದ್ದು ಅವಳ ಎದೆಯೊಳಗಿತ್ತು. ಇಷ್ಟು ವರ್ಷ ಮಗ್ಗದ ಗದ್ದಲದಲ್ಲಿ ಕೇಳಿಸದೆ ಹೋದದ್ದು ಈಗ ಬಾಗಿಲು ಒಡೆದು ಬರುವವರ ಹಾಗೆ ಬಡಿಯುತ್ತಿತ್ತು. ಬೆರಳುಗಳು ತಣ್ಣಗಾದವು. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಸಾಯುತ್ತಿದ್ದೇನೆ ಎಂಬುದು ಅವಳಿಗೆ ಒಂದು ಅನುಮಾನವಾಗಿ ಬರಲಿಲ್ಲ, ಮನೆಗೆ ಬಂದ ಸುದ್ದಿಯಾಗಿ ಬಂತು.

ಅವಳು ಓಡಿದಳು. ತಲೆಯ ಮೇಲೆ ಸೆರಗಿರಲಿಲ್ಲ. ಚಹಾದಂಗಡಿಯ ಮುಂದೆ, ಚಹಾದ ಕಪ್ಪು ಹಿಡಿದು ಕೂತ ಅಣ್ಣಾಸಾಹೇಬರ ಕಾಲ ಬುಡದಲ್ಲಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದಾಗ ಎದೆ ಎಂದಿನಂತೆ ಸುಮ್ಮನಿತ್ತು, ಏನೂ ಮಾಡದವರ ಹಾಗೆ. ಅಷ್ಟರಲ್ಲಿ ಪಕ್ಕದ ಕೋಣೆಯ ಮರಾಠಿ ಹೆಂಗಸು ಅಲಕಾ ಛಾಯಾಳನ್ನು ಎತ್ತಿಕೊಂಡು ಓಡಿ ಬಂದಳು. ಹುಡುಗಿ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಹಾಸಿಗೆಯ ಮೇಲೆ ಗೆರೆ ಬರೆಯುತ್ತಿತ್ತಂತೆ. ಲಂಗದ ಅಂಚು ಕರಕಾಗಿತ್ತು. ಮೈಗೆ ಏನೂ ಆಗಿರಲಿಲ್ಲ.

ಗಂಗುಬಾಯಿ ಗುಡಿಯಿಂದ ಬಂದವಳು ಆ ಕರಕಾದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬೈಯಲಿಲ್ಲ. ಗಂಗುಬಾಯಿ ಬೈಯದಿದ್ದಾಗ ಗಲ್ಲಿಯವರೆಲ್ಲ ಹೆದರುತ್ತಿದ್ದರು.

ಮರುವಾರ ಕೊಲ್ಹಾಪುರದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರೇ. ಎದೆಗೆ ನಳಿಗೆ ಹಚ್ಚಿ ಕೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಎಲ್ಲ ಹೇಗಿದೆ, ಮನಸ್ಸಿಗೆ ಏನಾದರೂ ತ್ರಾಸವಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಕೇಳಿದ್ದು ಮಲಕವ್ವನನ್ನು, ಉತ್ತರ ಕೊಟ್ಟದ್ದು ಗಂಗುಬಾಯಿ. ನಿದ್ದೆ ಬರುತ್ತದೆ, ಮನೆಯಲ್ಲಿ ಸಗಳಂ ಠೀಕ, ಎಲ್ಲ ಸರಿ, ಮನಸ್ಸು ಅಂತ ನಮ್ಮಲ್ಲಿ ಯಾರಿಗೂ ಇಲ್ಲ. ಡಾಕ್ಟರು ನಕ್ಕು, ಎದೆ ಗಟ್ಟಿ ಇದೆ, ಏನೂ ಆಗಿಲ್ಲ ಎಂದು ಕೆಂಪು ಔಷಧದ ಬಾಟಲಿ ಬರೆದುಕೊಟ್ಟರು.

ಏನೂ ಆಗಿಲ್ಲ ಎಂಬ ಮಾತು ಮಲಕವ್ವನನ್ನು ಮತ್ತಷ್ಟು ಹೆದರಿಸಿತು. ಎದೆಗೆ ರೋಗವಿದ್ದರೆ ಔಷಧವಿದೆ. ಎದೆ ಗಟ್ಟಿಯಿದ್ದೂ ಹೀಗಾಗುತ್ತದೆಂದರೆ ಕೆಟ್ಟಿದ್ದು ತಲೆಯೇ ಇರಬೇಕು. ತಲೆ ಕೆಟ್ಟವರಿಗೆ ಆ ಗಲ್ಲಿಯಲ್ಲಿ ಏನಾಗುತ್ತದೆಂದು ಅವಳು ಕಣ್ಣಾರೆ ನೋಡಿದ್ದಳು. ಮೂಲೆಯ ಕೋಣೆಯಲ್ಲಿದ್ದ ಚೆನ್ನವ್ವ ನಗುವುದು ಬಿಟ್ಟು, ಉಣ್ಣುವುದು ಬಿಟ್ಟು, ಗೋಡೆ ನೋಡುತ್ತ ಕೂಡಲು ಶುರು ಮಾಡಿದಾಗ ಹವಾ ಬದಲಾಗಲಿ ಎಂದು ಗಡಹಿಂಗ್ಲಜದ ಬಸ್ಸು ಹತ್ತಿಸಿ ಅಣ್ಣನ ಮನೆಗೆ ಕಳಿಸಿದ್ದರು. ಹವಾ ಬದಲಾಯಿತೋ ಇಲ್ಲವೋ, ದೀಪಾವಳಿಗೆ ಅವಳ ಗಂಡನಿಗೆ ಹೆಂಡತಿ ಬದಲಾದಳು. ಚೆನ್ನವ್ವ ಈಗ ಗಡಹಿಂಗ್ಲಜ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾಳೆ. ಅವಳ ಮಗ ಇಲ್ಲಿ ಬೇರೊಬ್ಬಳನ್ನು ಆಯಿ ಎಂದು ಕರೆಯುತ್ತಾನೆ.

ಕೊಲ್ಹಾಪುರದಿಂದ ಬಂದ ದಿನ ಗಂಗುಬಾಯಿ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು ತಣ್ಣಗಿನ ದನಿಯಲ್ಲಿ ಹೇಳಿದಳು:

"ಇನ್ನೊಮ್ಮೆ ಕೂಸಿನ ಬಿಟ್ಟು ಹಂಗ ಓಡಿದಿ ಅಂದ್ರ ಗಡಹಿಂಗ್ಲಜ ಗಾಡಿ ಹತ್ತಸ್ತೇನಿ. ಕೂಸು ಇಲ್ಲೇ ಇರ್ತೈತಿ. ಸಿಟ್ಟಿನ ಮಾತಲ್ಲ ಇದು, ಒಲಿ ಮುಂದ ಕುಂತ ಕೂಸಿನ ಮಾತು."

ಅತ್ತೆಯ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆನೇನೋ ಅನ್ನಿಸಿದ್ದೇ ಮಲಕವ್ವನ ಕೈಕಾಲು ತಣ್ಣಗಾಗಲು ಸಾಕಾಯಿತು.

ಅಂದಿನಿಂದ ಹೆದರಿಕೆ ಎರಡಾಯಿತು. ಒಂದು, ಬರುವ ಹೆದರಿಕೆ. ಇನ್ನೊಂದು, ಅದು ಬಂದೀತೆಂಬ ಹೆದರಿಕೆ. ಮೊದಲನೆಯದು ಸುಟ್ಟಿಯ ದಿನವಷ್ಟೇ ಬರುತ್ತಿತ್ತು. ಎರಡನೆಯದಕ್ಕೆ ಸುಟ್ಟಿಯೇ ಇರಲಿಲ್ಲ. ಬಿಂದಿಗೆ ಹಿಡಿದು ನಳದ ಮುಂದೆ ನಿಂತಾಗ, ರೊಟ್ಟಿ ತಟ್ಟುವಾಗ, ಮಗಳ ತಲೆ ಬಾಚುವಾಗ ಅವಳು ಒಳಗೊಳಗೇ ಎದೆಯ ಬಾಗಿಲಲ್ಲಿ ಕಾವಲು ಕೂಡುತ್ತಿದ್ದಳು. ಸುಟ್ಟಿಯ ದಿನ ಸೀರೆಯ ತುದಿ ಬಾಯಿಗೆ ತುರುಕಿಕೊಂಡು, ನೆಲವನ್ನು ಉಗುರಿನಿಂದ ಹಿಡಿದುಕೊಂಡು, ಹೊಟ್ಟೆನೋವೆಂದು ಸುಳ್ಳು ಹೇಳಿ ಮುದ್ದೆಯಾಗಿ ಬಿದ್ದುಕೊಳ್ಳುತ್ತಿದ್ದಳು. ಅಜವಾನ ತಿನ್ನಿಸಿ ತಿನ್ನಿಸಿ ಹಣಮಂತನಿಗೇ ಬೇಸರವಾಯಿತು.

ಸೊಸೆ ನಾಲ್ಕು ಮಂದಿಯ ಕಣ್ಣ ಮುಂದಿರಲೆಂದು ಗಂಗುಬಾಯಿ ಅವಳನ್ನು ಅಣ್ಣಾಸಾಹೇಬರ ಕಾರಖಾನೆಗೆ ಕಾಂಡಿ ತುಂಬುವ ಕೆಲಸಕ್ಕೆ ಹಚ್ಚಿದಳು. ಕಾಂಡಿಯೆಂದರೆ ಲಾಳಿಯೊಳಗೆ ಕೂಡಿಸುವ ನೂಲಿನ ಕೊಳವೆ. ಗೋಡೆಗೆ ಬೆನ್ನು ಮಾಡಿ, ಮಗ್ಗಗಳಿಗೆ ಮುಖ ಮಾಡಿ ರಾಟೆಯ ಮುಂದೆ ಕೂತು ನೂಲು ಸುತ್ತುವುದು ಅವಳ ಕೆಲಸ. ಯಾರಿಗೆ ಕಾಂಡಿ ಬೇಕೋ ಅವರು ಕೈ ಎತ್ತಿ ಸನ್ನೆ ಮಾಡುತ್ತಾರೆ, ಎದ್ದು ಹೋಗಿ ಕೊಡಬೇಕು. ಒಳಗಿನ ಸದ್ದು ಎಂಥದೆಂದರೆ, ಪಕ್ಕದವನಿಗೆ ಬೆಂಕಿ ಬಿದ್ದರೂ ಮುಟ್ಟಿ ಹೇಳಬೇಕು.

ಒಂದು ದಿನ, ಸುಟ್ಟಿಯಲ್ಲದಿದ್ದರೂ, ಕೂತಲ್ಲೇ ಎದೆ ಏಳತೊಡಗಿತು. ಎದ್ದು ಓಡಿದರೆ ಬಸ್ಸು. ಕೂತರೆ ಸಾವು. ಮಲಕವ್ವ ರಾಟೆಯ ಹಿಡಿಕೆಯನ್ನು ಬಿಗಿಹಿಡಿದು, ಬಾಯಿ ತೆರೆದು ಇದ್ದಷ್ಟು ದನಿಯಲ್ಲಿ, ಸಾಯಾಕತ್ತೇನಿ, ಯವ್ವಾ, ನಾ ಸಾಯಾಕತ್ತೇನಿ ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಮಗ್ಗಗಳು ಆ ಮಾತನ್ನು ನುಂಗಿ ಬಟ್ಟೆಯಾಗಿ ಕಾರಿದವು. ಹೇಳಿ ಮುಗಿಸುವಷ್ಟರಲ್ಲಿ ಎದೆ ಒಂದಿಷ್ಟು ಇಳಿಯಿತು.

ಆಮೇಲೆ ಅದೇ ಅವಳ ಔಷಧವಾಯಿತು. ಕೆಂಪು ಬಾಟಲಿ ಗೂಡಿನಲ್ಲಿ ಉಳಿಯಿತು. ದಿನಾ ರಾಟೆ ತಿರುಗಿಸುತ್ತ ಅವಳು ಎಲ್ಲವನ್ನೂ ಹೇಳತೊಡಗಿದಳು: ಚೆನ್ನವ್ವನ ಬಸ್ಸು, ಕೊಳ್ಳಿ ಹಿಡಿದ ಛಾಯಾ, ಗಂಡನ ಮುಖವನ್ನು ಎಚ್ಚರದಲ್ಲಿ ನೋಡಿದ್ದಕ್ಕಿಂತ ನಿದ್ದೆಯಲ್ಲಿ ನೋಡಿದ್ದೇ ಹೆಚ್ಚೆಂಬ ಮಾತು. ಅಪ್ಪನ ಕುರಿ ಹಿಂಡಿನ ಜತೆ ಬಯಲಲ್ಲಿ ಬೀಡು ಬಿಟ್ಟಾಗ ಕೊರಳ ಗಂಟೆಗಳ ಗಿಣಿಗಿಣಿ ಕೇಳುತ್ತಿರುವವರೆಗೂ ಹೇಗೆ ನಿಶ್ಚಿಂತೆಯಿತ್ತು, ಅವೆಲ್ಲ ಒಮ್ಮೆಗೇ ನಿಂತರೆ ಹೇಗೆ ಎಲ್ಲರೂ ಬಡಿಗೆ ಹಿಡಿದು ಎದ್ದು ನಿಲ್ಲುತ್ತಿದ್ದರು, ಸದ್ದು ನಿಂತಿತೆಂದರೆ ತೋಳ ಬಂದಿದೆ ಎಂದೇ ಅರ್ಥ, ಅದು ಈಗಲೂ ಮೈಯಿಂದ ಹೋಗಿಲ್ಲ ಎಂಬುದನ್ನೂ ಹೇಳಿದಳು. ಹುರುಪು ಬಂದ ದಿನ ಗಂಗುಬಾಯಿಯ ಹಾಗೆ ಸೊಟ್ಟ ಬಾಯಿ ಮಾಡಿ ಅಣಕಿಸಿದಳು. ತೀರ ಸೋತ ಒಂದು ದಿನ, ಈ ಮುದುಕಿ ಸತ್ತರೆ ನಾನು ಬದುಕಿಕೊಳ್ಳುತ್ತೇನೆ ಎಂದೂ ಅಂದುಬಿಟ್ಟಳು. ಮಧ್ಯಾಹ್ನ ಗಂಗುಬಾಯಿ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಸೊಸೆಗೆ ರೊಟ್ಟಿ ತಂದು ಕಾರಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳು ನಿಂತಿರುವಾಗಲೂ ಮಲಕವ್ವ ಮಾತು ನಿಲ್ಲಿಸುತ್ತಿರಲಿಲ್ಲ. ಗದ್ದಲವೆಂಬ ಗೋಡೆ ಇರುವಾಗ ಬಾಗಿಲ ಭಯವೇಕೆ?

ಗೋಡೆ ಬಿದ್ದದ್ದು ಚಹಾದ ಹೊತ್ತಿನಲ್ಲಿ. ದತ್ತವಾಡದ ಕಡೆಯ ಬಸವಣ್ಣೆಪ್ಪ ಎಂಬ ಹಳೆಯ ನೇಕಾರ, ಮೀಸೆಯಲ್ಲೆಲ್ಲ ಹತ್ತಿ ಹಿಂಜಿ ಹಾಕಿದಂತಿದ್ದವನು, ಕಾರಖಾನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸುತ್ತ ಅವಳನ್ನು ಕೇಳಿದ:

"ತಂಗಿ, ನಿನ್ನೆ ಕುರಿ ಗಂಟಿ ಮಾತ ಅರ್ಧಕ್ಕ ಬಿಟ್ಟಿ. ಗಂಟಿ ನಿಂತ ಮ್ಯಾಲ ತ್ವಾಳ ಬಂತೋ ಇಲ್ಲೋ?"

ಮಲಕವ್ವ ಕುಡಿಯುತ್ತಿದ್ದ ಚಹಾವನ್ನು ಕಟ್ಟೆಯ ಮೇಲಿಟ್ಟಳು.

"ನಾ ಯಾರ ಮುಂದನೂ ಏನೂ ಹೇಳಿಲ್ಲರಿ."

"ಹೇಳಿಲ್ಲೇನ? ದಿನಾ ಹೇಳ್ತಿ. ನಮ್ಮ ಕಿವಿ ಅರ್ಧ ಹೋಗಿ ಭಾಳ ವರ್ಷ ಆತು. ಮಗ್ಗದ ಮುಂದ ನಿಂತವ್ರು ತುಟಿ ನೋಡಿ ಮಾತ ಕೇಳ್ತೇವಿ. ನೀ ನಮ್ಮ ಕಡೆ ಮಾರಿ ಮಾಡಿ ಕುಂತಿರ್ತಿ."

ನೇಕಾರರು ಮಗ್ಗದಿಂದ ಮಗ್ಗಕ್ಕೆ ಬಾಯಿ ಆಡಿಸುವುದನ್ನು ಅವಳು ನೋಡಿದ್ದಳು. ಅದೂ ಕೈಸನ್ನೆಯ ಹಾಗೆ ಕಾಂಡಿ ತಾ, ಬೀಡಿ ಕೊಡು ಎನ್ನುವಷ್ಟರದೆಂದು ತಿಳಿದಿದ್ದಳು. ಅದರಲ್ಲಿ ಮನೆ ಮಠದ ಮಾತೆಲ್ಲ ಹಿಡಿಸುತ್ತದೆಂದು ಹೊಸಬಳಿಗೆ ಹೇಳಿದವರಾರು? ಎಲ್ಲರೂ ಕೇಳಿದ್ದಾರೆಯೇ ಎಂದು ಕೇಳಿದಳು. ಮರಾಠಿ ಮಂದಿಗೆ ಅವಳ ತುಟಿಯ ಕನ್ನಡ ತಿಳಿಯುವುದಿಲ್ಲವೆಂದು ಬಸವಣ್ಣೆಪ್ಪ ಸಮಾಧಾನ ಹೇಳಿದ. ಕೇಳಿದವರು ತಾನು, ಆಚೆಯ ಮಗ್ಗದ ತಮ್ಮಣ್ಣ, ಇಬ್ಬರೇ.

"ಮತ್ತ ನಿಮ್ಮತ್ತಿ," ಎಂದು ನೆನಪಾದವನಂತೆ ಸೇರಿಸಿದ. "ಗಂಗವ್ವ ಅಂದ್ರ ಇದ ಕಾರಖಾನ್ಯಾಗ ಕಾಂಡಿ ತುಂಬಿ ಮುದುಕಿ ಆದಾಕಿ. ನನಗ ತುಟಿ ಓದಾಕ ಕಲಿಸಿದಾಕೀನ ಆಕಿ."

ಅವನು ಇನ್ನೂ ಏನೋ ಹೇಳಿದ. ಸುಟ್ಟಿಯ ದಿನ ತನಗೂ ಮನೆಯಲ್ಲಿ ಕೂಡಲಾಗುವುದಿಲ್ಲವೆಂದೂ, ಎದೆ ಹಾರುತ್ತದೆಂದೂ, ಪಂಚಗಂಗೆಯ ದಂಡೆಗೆ ಹೋಗಿ ನೀರು ಬೀಳುವ ಕಡೆ ಕೂತು ಬರುತ್ತೇನೆಂದೂ, ಇದನ್ನು ಹೆಂಡತಿಗೂ ಹೇಳಿಲ್ಲವೆಂದೂ. ಆ ಮಾತು ಮಲಕವ್ವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಒಳಗೆ ಜಾಗವಿರಲಿಲ್ಲ. ಬಾಗಿಲಲ್ಲಿ ಛಾಯಾಳನ್ನು ಎತ್ತಿಕೊಂಡು, ಕಣ್ಣು ಕಿರಿದು ಮಾಡಿ ತನ್ನ ಬಾಯನ್ನೇ ನೋಡುತ್ತ ನಿಂತ ಗಂಗುಬಾಯಿ ಅಲ್ಲಿ ತುಂಬಿಕೊಂಡಿದ್ದಳು.

ಅಂದಿನಿಂದ ಮಲಕವ್ವ ಬಾಯಿ ಹೊಲಿದುಕೊಂಡಳು. ಒಳಗೆ ಉಳಿದ ಮಾತು ಎದೆಯನ್ನು ಮತ್ತಷ್ಟು ಬಡಿಯಿತು. ಅತ್ತೆ ಎಲ್ಲವನ್ನೂ ಕೇಳಿದ್ದಾಳೆ. ಹೊಟ್ಟೆನೋವು ಸುಳ್ಳೆಂದು ಗೊತ್ತು, ಅಣಕಿಸಿದ್ದು ಗೊತ್ತು, ಸಾಯಲಿ ಅಂದದ್ದೂ ಗೊತ್ತು. ಗೊತ್ತಿದ್ದೂ ಒಂದು ಮಾತೂ ಆಡಿಲ್ಲವೆಂದರೆ ಏನನ್ನೋ ನಿಶ್ಚಯಿಸಿಕೊಂಡಿರಬೇಕು. ಅವಳು ಅತ್ತೆಯ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದಳು. ಮುದುಕಿ ಸೊಸೆಯ ಮದುವೆಯ ಸೀರೆಯನ್ನು ಒಗೆದು ಒಣಗಿಸಿದಳು. ಮಡಿಸಿದಳು. ಎರಡು ಕುಪ್ಪಸಗಳನ್ನು ಅದರೊಳಗಿಟ್ಟು ಗಂಟು ಕಟ್ಟಿ ಬಾಗಿಲ ಹಿಂದಿನ ಗೂಟಕ್ಕೆ ತೂಗಿಹಾಕಿದಳು. ಅದು ಯಾತಕ್ಕೆಂದು ಮಲಕವ್ವ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ಮುಂದಿನ ಸುಟ್ಟಿ ಬಂತು. ಯಮನಪ್ಪ ಪೇಟೆಗೆ ಹೋದ. ಹಣಮಂತ ರಾತ್ರಿ ಪಾಳಿ ಮುಗಿಸಿ ಬಂದು ಮೈಮೇಲೆ ಹತ್ತಿಯ ಧೂಳು ಹಾಗೆಯೇ ಇಟ್ಟುಕೊಂಡು ಮಲಗಿದ. ಗೋಡೆಯಾಚೆ ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು, ಕೊನೆಯದೂ ನಿಂತಿತು. ಗೂಡಿನ ಚರಿಗೆಗಳು ಅಲುಗುವುದು ಬಿಟ್ಟವು. ಮಲಕವ್ವ ಒಲೆಯ ಮುಂದಿದ್ದಳು, ಮಗಳು ಅವಳ ಬೆನ್ನಿಗೆ ಆತುಕೊಂಡು ಆಡುತ್ತಿತ್ತು, ಎದುರಿಗೆ ಗಂಗುಬಾಯಿ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದಳು.

ಅದು ಬಂತು. ಈ ಸಲ ಬಾಗಿಲು ಬಡಿಯಲಿಲ್ಲ, ನೇರ ಒಳಗೇ ಬಂತು. ಕಣ್ಣ ಮುಂದೆ ಗೋಡೆ ಹಿಂದಕ್ಕೆ ಸರಿಯಿತು. ತುಟಿ ಮರಗಟ್ಟಿತು. ಕಾಲುಗಳು ತಾವೇ ಎದ್ದು ಅವಳನ್ನು ಹೊಸ್ತಿಲವರೆಗೆ ಒಯ್ದವು. ಹೊರಗೆ ಬಿಸಿಲಿತ್ತು, ಗಾಳಿಯಿತ್ತು, ಓಡಿದರೆ ಉಸಿರು ಸಿಗುತ್ತಿತ್ತು. ಬಾಗಿಲ ಹಿಂದೆ ಗಂಟು ತೂಗುತ್ತಿತ್ತು. ಮಲಕವ್ವ ಎರಡೂ ಕೈಯಿಂದ ಚೌಕಟ್ಟನ್ನು ಹಿಡಿದು ಹಿಂತಿರುಗಿ ನೋಡಿದಳು. ಛಾಯಾ ಒಲೆಯ ಕಡೆ ಹೊರಳಿತ್ತು. ಮಲಕವ್ವ ಚೌಕಟ್ಟು ಬಿಟ್ಟಳು. ಹೊರಗೆ ಹೋಗಲಿಲ್ಲ. ಗೋಡೆಗುಂಟ ಕುಸಿಯುತ್ತ, ತೆವಳುತ್ತ ಮಗಳ ಬಳಿ ಬಂದು ಅವಳ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಮಲಗಿದ ಗಂಡನ ಮುಂದೆ ಕೂಗುವಂತಿರಲಿಲ್ಲ. ರೂಢಿಯಿಂದ ತುಟಿಗಳು ಮಾತ್ರ ಆಡಿದವು: ಸಾಯಾಕತ್ತೇನಿ. ಕಳಸಬ್ಯಾಡ್ರಿ.

ಗಂಗುಬಾಯಿ ಅಡಕತ್ತರಿ ಕೆಳಗಿಟ್ಟಳು. ಅವಳ ತುಟಿಗಳೂ ದನಿಯಿಲ್ಲದೆ ಆಡಿದವು. ಮಲಕವ್ವನಿಗೆ ತುಟಿ ಓದುವುದು ಬರುತ್ತಿರಲಿಲ್ಲ. ಆದರೆ ಮುದುಕಿ ಕಾರಖಾನೆಯವರಂತೆ ಒಂದೊಂದು ಮಾತನ್ನೂ ಬಾಯಗಲಿಸಿ, ಮಗುವಿಗೆ ತುತ್ತು ಕೊಡುವ ಹಾಗೆ ಕೊಟ್ಟಳು.

"ಗಂಟು ಕಳಸಾಕಂತನ ಕಟ್ಟಿದ್ದೆ. ನೀ ಓಡಲಿಲ್ಲ."

ಸ್ವಲ್ಪ ತಡೆದು ಮತ್ತೆ ಆಡಿದಳು. "ಇದಕ್ಕ ಕಳಸೂದಾದ್ರ ನಮ್ಮತ್ತಿ ಮೊದಲ ನನ್ನ ಕಳಸಬೇಕಿತ್ತು."

ಆಮೇಲೆ ಗಂಗುಬಾಯಿ ಎದ್ದು ಮಾಡಿದ ಕೆಲಸವನ್ನು ಅಲಕಾ ನೋಡಿದ್ದರೆ ಕಿರುಚುತ್ತಿದ್ದಳು. ಬರಿಯ ಬೀಸುಕಲ್ಲು ತಿರುಗಿಸಿದರೆ ಮನೆಗೆ ಕೇಡು ಎಂದು ಗಲ್ಲಿಯ ಸೊಸೆಯಂದಿರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ. ಒಂದು ಕಾಳೂ ಹಾಕದೆ ಅವಳು ಬೀಸುಕಲ್ಲಿನ ಮುಂದೆ ಕೂತಳು, ಸೊಸೆಯ ತಣ್ಣನೆಯ ಕೈಯನ್ನು ಎಳೆದು ಹಿಡಿಕೆಯ ಮೇಲಿಟ್ಟಳು, ಅದರ ಮೇಲೆ ತನ್ನ ಕೈಯಿಟ್ಟಳು. ಕಲ್ಲು ಕಲ್ಲಿಗೆ ಉಜ್ಜಿ ನಿಂತ ಮಗ್ಗಗಳ ಬದಲಿಗೆ ಗುರ್ರ್ ಎಂಬ ಸದ್ದು ಕೋಣೆ ತುಂಬಿತು. ಮಲಕವ್ವನ ಎದೆ ಅದರ ಜತೆಗೇ ಓಡಿತು, ಮುಂದೆ ಓಡಿತು, ಹಿಂದೆ ಬಿತ್ತು, ಮತ್ತೆ ಓಡಿತು. ಕಲ್ಲಿನಿಂದ ಬಿಳಿಯ ಪುಡಿ ಉದುರುತ್ತಿತ್ತು. ಹೆದರಿಕೆ ಹೋಗಲಿಲ್ಲ. ಮುದುಕಿ ಕೈಯನ್ನೂ ಬಿಡಲಿಲ್ಲ.

ಹಣಮಂತ ಎದ್ದು ಕೂತ. ಕಣ್ಣುಜ್ಜಿ ನೋಡಿದ. ಸುಟ್ಟಿಯ ದಿನ ಏನು ಬೀಸುತ್ತಿದ್ದೀರಿ, ಹಿಟ್ಟೆಲ್ಲಿ ಎಂದು ಸಿಡುಕಿದ.

"ಹಿಟ್ಟಿಲ್ಲ," ಎಂದಳು ಗಂಗುಬಾಯಿ, ಈಗ ಮುಖದ ಬಾಯಿಂದ, ಪಕ್ಕದ ಕೋಣೆಗೂ ಕೇಳುವಂತೆ. "ನಿನ್ನ ಹೇಣ್ತಿಗೆ ಹೆದರಿಕಿ ಬಂದೈತಿ. ಹೊಟ್ಟಿಬ್ಯಾನಿ ಅಲ್ಲ, ದೆವ್ವ ಅಲ್ಲ, ಹೆದರಿಕಿ. ಸುಟ್ಟಿ ದಿನ ಬರ್ತೈತಿ. ಎದ್ದು ಕೂಸಿನ ಎತ್ಕೊ, ಒಲಿ ಮುಂದ ಐತಿ. ಬಾಗಲ ಹಿಂದಿನ ಗಂಟೂ ಇಳಸು."

ಆ ಮಾತನ್ನು ಆ ಕೋಣೆಯಲ್ಲಿ ಯಾರೂ ಅದುವರೆಗೆ ದನಿಯೆತ್ತಿ ಆಡಿರಲಿಲ್ಲ. ಹಣಮಂತ ಅವ್ವನ ಮುಖ ನೋಡಿದ, ಗಂಟು ನೋಡಿದ, ಇಳಿಸಿದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿಟ್ಟುಕೊಂಡು, ಮಗಳನ್ನು ಇನ್ನೊಂದು ಕಂಕುಳಿಗೆ ಎತ್ತಿಕೊಂಡು, ಬೀಸುಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹಗಲು ಹೊತ್ತಿನಲ್ಲಿ, ಎಚ್ಚರವಾಗಿ, ಅವನು ಹೆಂಡತಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲಿರಬೇಕು. ಅವಳ ಹಣೆಯ ಮೇಲಿನ ಬೆವರು, ಬಿಳಿಚಿದ ತುಟಿ ಎಲ್ಲ ಕಂಡು ಅವನಿಗೂ ಭಯವಾಯಿತು.

"ಈಗೂ ಐತೇನ?" ಎಂದು ಕೇಳಿದ.

ಮಲಕವ್ವ ಕಲ್ಲು ತಿರುಗಿಸುತ್ತಲೇ ಇದ್ದಳು.

"ಐತ್ರಿ," ಎಂದಳು, ದನಿ ತೆಗೆದು.